ಕತ್ತಲಲ್ಲಿ ಎರಡನೇ ಸಲ ಕೇಳಿದವರು

ಚಳಿ ಹೋಗಿ ಬಿಸಿಲು ಬಲಿಯುವ ಮೊದಲಿನ ದಿನಗಳು, ಬೆಳಗಿನ ಹತ್ತರ ಹೊತ್ತು. ಏಷ್ಯಾದ ದೇಶದೇಶಗಳ ಚಿತ್ರಗಳನ್ನು ತರಿಸಿ ತೋರಿಸುವ ನಮ್ಮ ಅಂತರರಾಷ್ಟ್ರೀಯ ಚಿತ್ರೋತ್ಸವದ ಮೊದಲ ವರ್ಷ. ಪ್ರೊಜೆಕ್ಟರ್ ಕೋಣೆಯ ಕಬ್ಬಿಣದ ಮೆಟ್ಟಿಲು ಹತ್ತಿ, ಕಂಪ್ಯೂಟರೊಂದನ್ನು ಕೂಸಿನ ಹಾಗೆ ಎದೆಗವಚಿಕೊಂಡು, "ಅಣ್ಣಾ, ನನಗೂ ಒಂದು ಸ್ಟೂಲಿನಷ್ಟು ಜಾಗ ಕೊಡ್ತೀರಾ?" ಎಂದು ಕೇಳುತ್ತ ಮೇಡಂ ಒಳಗೆ ಬಂದರು. ಪರಭಾಷೆಯ ಚಿತ್ರದ ಮಾತನ್ನು ನಮ್ಮ ಮಾತಿಗೆ ತಂದು ತೆರೆಯ ಕೆಳಗೆ ಸಾಲುಸಾಲಾಗಿ ಮೂಡಿಸುವ ವಿದ್ಯೆಯಲ್ಲಿ ಇಂದು ಅವರನ್ನು ನೆನೆಯದೆ ಮುಂದೆ ಹೋಗುವವರಿಲ್ಲ. ಅವರ ಪಾಂಡಿತ್ಯವನ್ನು ಕುರಿತು ಬಲ್ಲವರು ಈ ಅಭಿನಂದನಾ ಗ್ರಂಥದಲ್ಲಿ ಬರೆದಿದ್ದಾರೆ. ಮೂರನೇ ತರಗತಿಗೆ ಶಾಲೆ ಬಿಟ್ಟು ರೀಲು ಸುತ್ತುತ್ತ ಬಂದ ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ.

ಆ ಸಾಲುಗಳು ತಾವಾಗಿ ಬರುವುದಿಲ್ಲ. ಪಾತ್ರ ಬಾಯಿ ತೆರೆದ ಕ್ಷಣಕ್ಕೆ ಒಬ್ಬರು ಕೂತು ಕಂಪ್ಯೂಟರಿನ ಗುಂಡಿ ಒತ್ತಿ ಒಂದೊಂದನ್ನೇ ಬಿಡಬೇಕು. ಮೇಡಂ ಪ್ರತಿ ಚಿತ್ರವನ್ನೂ ಬೆಳಿಗ್ಗೆ ಖಾಲಿ ಹಾಲ್‌ನಲ್ಲಿ ಓಡಿಸಿ, ನನ್ನ ಕೈಲಿ ಓದಿಸುತ್ತಿದ್ದರು. ನಾನು ಓದಿ ಮುಗಿಸುವ ಮೊದಲೇ ಸಾಲು ಮಾಯವಾದರೆ ಅದನ್ನು ಕತ್ತರಿಸಿ ಚಿಕ್ಕದು ಮಾಡುವರು. "ಮೇಡಂ, ನನ್ನ ದೆಸೆಯಿಂದ ಒಳ್ಳೆಯ ಮಾತೆಲ್ಲ ಹಾಳಾಗ್ತಿದೆ" ಅಂದರೆ, "ಓದೋಕೇ ಆಗದ ಒಳ್ಳೆಯ ಮಾತು ತಗೊಂಡು ಉಪ್ಪಿನಕಾಯಿ ಹಾಕ್ಲಾ?" ಅನ್ನುವರು. ನಾನು ಸರಾಗವಾಗಿ ಓದಲು ಕಲಿತದ್ದು ಹೀಗೆ, ಐವತ್ತು ದಾಟಿದ ಮೇಲೆ.

ಹೀಗೆ ವರ್ಷಗಳು ಕಳೆದು ಆ ಒಂದು ವರ್ಷ ಬಂತು. ದೂರದ ದೇಶದ ನಿರ್ದೇಶಕಿಯೊಬ್ಬರು ತಮ್ಮ ಚಿತ್ರದ ಜೊತೆ ತಾವೂ ಬಂದಿದ್ದರು. ಅವರ ದೇಶದಲ್ಲಿ ಆ ಚಿತ್ರಕ್ಕೆ ಬಿಡುಗಡೆ ಇರಲಿಲ್ಲ. ಬೆಳಗಿನ ಓಟದಲ್ಲಿ ಐದನೇ ರೀಲು ನಡೆಯುತ್ತಿದ್ದಾಗ ಅವರು ಚೀರಿ ಎದ್ದು ನಿಂತರು. ಜೈಲಿನ ಬಾಗಿಲಲ್ಲಿ ತಾಯಿಯೊಬ್ಬಳು, ತನ್ನ ಮಗನನ್ನು ಹಿಡಿದೊಯ್ದವರ ಹೆಸರುಗಳನ್ನು ಗಟ್ಟಿಯಾಗಿ ಹೇಳುವ ದೃಶ್ಯ ಅಲ್ಲಿರಬೇಕಿತ್ತು. ಯಾರೋ ಅದನ್ನು ಕತ್ತರಿಸಿ ಅಂಟು ಹಾಕಿದ್ದರು. ದೃಶ್ಯ ಹೋಗಿತ್ತು, ಮಾತು ಉಳಿದಿತ್ತು. ನಿರ್ದೇಶಕಿ ಮುಂಚೆಯೇ ಕಳಿಸಿದ್ದ ಮಾತಿನ ಪ್ರತಿಯಿಂದ ಮೇಡಂ ಅನುವಾದ ಮಾಡಿಟ್ಟುಕೊಂಡಿದ್ದರಲ್ಲ.

ಮಧ್ಯಾಹ್ನ ಆಫೀಸಿನಲ್ಲಿ ಗಲಾಟೆಯೋ ಗಲಾಟೆ. ಕತ್ತರಿಸಿದ ಜಾಗದ ಮುಂದೆ ಮಾತಿಲ್ಲದ ಖಾಲಿ ರಸ್ತೆ ಬಹಳ ಹೊತ್ತು ಕಾಣುತ್ತದೆ. ಅದರ ಕೆಳಗೆ ತಾಯಿಯ ಮಾತು ಹಾಕಿಬಿಡಿ ಎಂದು ಪತ್ರಿಕೆಯ ಹುಡುಗರು ಹಟ ಹಿಡಿದರು. "ಅವರ ರಾಯಭಾರ ಕಚೇರಿಯ ಇಬ್ಬರು ಮುಂದಿನ ಸಾಲಲ್ಲೇ ಕೂರ್ತಾರೆ. ಉತ್ಸವಕ್ಕೆ ಬೀಗ ಬೀಳುತ್ತೆ ಕಣ್ರಯ್ಯಾ!" ಎಂದು ಅಧ್ಯಕ್ಷರು ತಲೆಯ ಮೇಲೆ ಕೈ ಹೊತ್ತರು. "ಬೀಗ ನಿಮ್ಮ ಬಾಯಿಗೆ ಆಗಲೇ ಬಿದ್ದಿದೆ ಸಾರ್" ಎಂದು ಒಬ್ಬ ಕುಟುಕಿದ. ನಿರ್ದೇಶಕಿ ಎಲ್ಲರ ಮುಖ ನೋಡಿದರು. "ಹಾಕಿ" ಅಂದರು. ಚಪ್ಪಾಳೆ ಬಿತ್ತು. ಅವರ ಭಾಷೆ ಬಲ್ಲ ಮೇಡಂ ಒಂದೇ ಮಾತು ಕೇಳಿದರು: "ಊರಲ್ಲಿ ಯಾರಿದ್ದಾರೆ?"

"ಮಗಳು. ಕಾಲೇಜಿಗೆ ಹೋಗ್ತಾಳೆ."

ಕೋಣೆಗೆ ಬಂದವರೇ ಮೇಡಂ ನನ್ನನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿದರು. "ಅಣ್ಣಾ, ಅಷ್ಟು ಜನ ಸುತ್ತ ನಿಂತು ಚಪ್ಪಾಳೆ ಹೊಡೆದ್ರೆ ಬೇಡ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಯಾರೂ ನೋಡದ ಕಡೆ ಇನ್ನೊಂದು ಸಲ ಕೇಳಬೇಕು."

"ಎಲ್ಲಿ ಕೇಳ್ತೀರಿ? ಹಾಲ್ ತುಂಬಿದೆಯಲ್ಲ."

"ನಿಮ್ಮ ಹಾಲ್‌ನಲ್ಲಿ ಕತ್ತಲಿಗೆ ಬರವೇ? ನೋಡಿ, ಐದನೇ ರೀಲಲ್ಲಿ ಅಂಟು ದಾಟಿದ ಕೂಡಲೇ ನನ್ನನ್ನು ನೋಡಿ. ನಾನು ಎದ್ದು ನಿಂತರೆ ಈ ಗುಂಡಿ, ತಾಯಿಯ ಮಾತು ಬರುತ್ತೆ. ಕೂತೇ ಇದ್ದರೆ ಆ ಗುಂಡಿ, ಮುಂದಿನ ದೃಶ್ಯಕ್ಕೆ ಹಾರುತ್ತೆ."

"ನಾನು ರೀಲು ಸುತ್ತೋನು ಮೇಡಂ."

"ಸುತ್ತೋಕೆ ಎರಡು ಕೈ ಬೇಕು. ಒತ್ತೋದು ಒಂದೇ ಬೆರಳು."

ಆ ದಿನದ ಪ್ರದರ್ಶನದಲ್ಲಿ ನಾಲ್ಕನೇ ರೀಲು ಮುಗಿಸಿ ಐದನೆಯದನ್ನು ಹತ್ತಿಸಿದೆ. ಮೇಡಂ ಬಗ್ಗಿಕೊಂಡು ನಡುದಾರಿಯಲ್ಲಿ ಹೋಗಿ, ನಿರ್ದೇಶಕಿಯ ಕುರ್ಚಿಯ ಪಕ್ಕ ನೆಲದ ಮೇಲೆಯೇ ಕೂತರು. ಎರಡು ತಲೆ ಹತ್ತಿರವಾದವು. ಅವರ ಮುಂದಿನ ಸಾಲಿನಲ್ಲಿ ರಾಯಭಾರ ಕಚೇರಿಯವರು ಕಲ್ಲಿನ ಹಾಗೆ ಕೂತಿದ್ದರು. ಯಂತ್ರದಲ್ಲಿ ಅಂಟು ಟಕ್ಕೆಂದು ದಾಟಿತು. ತೆರೆಯ ತುಂಬ ಖಾಲಿ ರಸ್ತೆ. ಮೇಡಂ ಮೇಲೆದ್ದ ಹಾಗಾಯಿತು. ನನ್ನ ಬೆರಳು ಮೊದಲ ಗುಂಡಿಯ ಮೇಲೆ ಹೋಯಿತು. ಯಾರೋ ಕಾಲು ಚಾಚಿದ್ದರು, ಮೇಡಂ ಸರಿದು ಕೂತರಷ್ಟೆ. ಆ ರಸ್ತೆ ಮುಗಿಯುತ್ತ ಬಂದರೂ ಅವರು ಏಳಲಿಲ್ಲ. ನಿರ್ದೇಶಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ನಾನು ಎರಡನೆಯದನ್ನು ಒತ್ತಿದೆ.

ಹೊರಗೆ ಪತ್ರಿಕೆಯ ಹುಡುಗರು ಮುತ್ತಿಕೊಂಡರು. "ಆಕೆ ಹಾಕಿ ಅಂದಿದ್ರು. ನೀವು ಯಾಕೆ ಹೆದರಿದಿರಿ?"

"ನಾನೇ ಹಾರಿಸಿದೆ" ಅಂದರು ಮೇಡಂ. ಅಷ್ಟೇ. ಮರುದಿನ ಪತ್ರಿಕೆಯಲ್ಲಿ ಅವರನ್ನು ಎರಡನೆಯ ಕತ್ತರಿ ಎಂದು ಬರೆದರು. "ನಿಜ ಹೇಳಬಾರದೇ ತಾಯಿ?" ಎಂದು ನಾನು ಸಂಕಟಪಟ್ಟರೆ, "ಬೈಗುಳ ನನ್ನ ಹತ್ತಿರ ಇರಲಿ ಅಣ್ಣಾ. ಅವರಿಗೆ ಹೊತ್ಕೊಂಡು ಹೋಗೋಕೆ ಬೇಕಾದಷ್ಟಿದೆ" ಅಂದು, ಸಂಜೆಯ ಚಿತ್ರದ ಸಾಲುಗಳನ್ನು ಓದಲು ಕೂರಿಸಿದರು. ಹೋದ ವರ್ಷ ಆ ನಿರ್ದೇಶಕಿಯೇ ಮಗಳನ್ನೂ ಕರೆದುಕೊಂಡು ಬಂದು, ಕತ್ತಲಲ್ಲಿ ತಾವು ಬೇಡವೆಂದದ್ದನ್ನು ನಮ್ಮ ವೇದಿಕೆಯಲ್ಲಿ ಹೇಳಿದರು. ಹಾಗಾಗಿ ನಾನು ಇಲ್ಲಿ ಬರೆದಿದ್ದೇನೆ.

ನಮ್ಮ ಮೇಡಂಗೆ ಕಣ್ಣು ಚುರುಕಾಗಿರಲಿ, ಬೆರಳು ಗಟ್ಟಿಯಾಗಿರಲಿ, ಇನ್ನೂ ಎಷ್ಟೋ ದೇಶಗಳ ಮಾತು ಅವರ ಕೈಯಿಂದ ನಮ್ಮ ಜನಕ್ಕೆ ಸಿಗುವಷ್ಟು ದೀರ್ಘವಾದ ಆಯಸ್ಸು ಅವರದಾಗಲಿ. ನಿವೃತ್ತಿ ಎಂಬುದು ಕಚೇರಿಯ ಮಾತು. ಸ್ಟೂಲು ಅಲ್ಲೇ ಇದೆ.

ಆ ಬೈಗುಳದ ವಾರವೇ, ಪತ್ರಿಕೆಯವರು ತಮಗೆ ಕೊಟ್ಟ ಹೂಗುಚ್ಛವನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು, ಮೇಡಂ ಬಾಗಿಲು ಹಾಕುವವರೆಗೂ ಅವರ ಕೈ ಬಿಡದೆ, ಗುರುವಾರ ಬೆಳಿಗ್ಗೆ ನಿರ್ದೇಶಕಿ ಮಗಳಿದ್ದ ಊರಿಗೆ ಹೊರಟರು.