ಅರ್ಜಿದಾರಳು: ಮೃತರ ಅಕ್ಕ

ಆ ಅರ್ಜಿಯನ್ನು ಬರೆದವಳು ನಾನೇ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಶಾಲೆಯಲ್ಲಿ ಹೊಗಳುತ್ತಿದ್ದರು. ಆ ಹೊಗಳಿಕೆಗಿಷ್ಟು ಬೆಂಕಿ ಬೀಳಲಿ. ಮಾವ, ಅಂದರೆ ನನ್ನ ತಾಯಿಯ ತಮ್ಮ, ತೀರಿಕೊಂಡು ಎರಡು ತಿಂಗಳಾಗಿತ್ತು. ಅವನ ಹೆಸರಿನಲ್ಲಿದ್ದ ಮನೆ ಮತ್ತು ಗದ್ದೆಯ ಖಾತೆ ಬದಲಾಗಬೇಕಿತ್ತು. ಅದು ತನ್ನ ಹೆಸರಿಗೆ ಬರುತ್ತದೆ ಎಂಬುದರಲ್ಲಿ ತಾಯಿಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ನನಗೂ ಇರಲಿಲ್ಲ.

ನಾನು ಅವಳನ್ನು ಅಬ್ಬಿ ಎಂದು ಕರೆಯುತ್ತಿದ್ದೆ. ಅಬ್ಬಿಗೆ ಓದು ಬರಹ ಬಾರದು. ಜಗಲಿಯಲ್ಲಿ ಕುಳಿತು ಅವಳು ಹೇಳಿದಳು, ನಾನು ಬರೆದೆ. 'ಅರ್ಜಿದಾರಳು: ಮೃತರ ಅಕ್ಕ' ಎಂದು ಮೇಲೆ ಹಾಕಿದೆ. ಮೃತರ ಸಂಸಾರದ ವಿವರ ಕೊಡಬೇಕೆಂದು ಶ್ಯಾನುಭೋಗರು ಹೇಳಿದ್ದರಿಂದ ಕೆಳಗೆ ಅತ್ತೆಯ ಹೆಸರು, ಅವಳ ಮಗನ ಹೆಸರು, ಮಗಳ ಹೆಸರು, ಮೂವರ ವಯಸ್ಸು ಬರೆದೆ. ಮಗನ ವಯಸ್ಸಿನಲ್ಲಿ ಒಂದು ವರ್ಷ ಹೆಚ್ಚುಕಡಿಮೆ ಮಾಡಿದ್ದಕ್ಕೆ ಅಬ್ಬಿ ಬೈದಳು.

"ಸಮ ಬರಿ ಹೆಣೆ. ಆ ಮಾಣಿ ಹುಟ್ಟುವತಿಗೆ ಬಾಣಂತಿಗೆ ನೀರ್ ಹಾಕಿದ್ದ್ ನಾನ್. ನಂಗೊತ್ತಿಲ್ಯಾ?"

ಆಮೇಲೆ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.

ನಮ್ಮದು ಅಳಿಯಸಂತಾನದ ಕಟ್ಟು. ಗಂಡಸಿನ ಆಸ್ತಿ ಅವನ ಹೆಂಡತಿ ಮಕ್ಕಳಿಗಲ್ಲ, ಅಕ್ಕತಂಗಿಯರಿಗೆ, ಅವರ ಮಕ್ಕಳಿಗೆ. ಹೆಂಡತಿ ಇರುವುದು ತನ್ನ ತಾಯಿಮನೆಯಲ್ಲಿ. ಮಾವನೂ ಹಾಗೆಯೇ ಬದುಕಿದ. ಬೊಂಬಾಯಿಯ ಹೋಟೆಲೊಂದರಲ್ಲಿ ಹದಿನೆಂಟು ವರ್ಷ ದೋಸೆಕಾವಲಿಯ ಮುಂದೆ ನಿಂತು, ಕುಂಭಾಶಿಯ ಹತ್ತಿರ ಆ ಮನೆಯನ್ನೂ ಗದ್ದೆಯನ್ನೂ ತೆಗೆದುಕೊಂಡ. ಅಕ್ಕನನ್ನೂ ನನ್ನನ್ನೂ ತಂದು ಅಲ್ಲಿ ಕೂರಿಸಿದ. ಬೈಂದೂರಿನ ಕಡೆ ತಾಯಿಮನೆಯಲ್ಲಿದ್ದ ಹೆಂಡತಿಯನ್ನು ನೋಡಲು ಶನಿವಾರ ಮಧ್ಯಾಹ್ನದ ಬಸ್ಸಿಗೆ ಮಕ್ಕಳಿಗೆ ಖಾರಕಡ್ಡಿ ಕಟ್ಟಿಸಿಕೊಂಡು ಹೋದರೆ, ಸೋಮವಾರ ಬೆಳಿಗ್ಗೆ ಬಂದು ಗದ್ದೆಗೆ ಇಳಿಯುತ್ತಿದ್ದ. ಇದರಲ್ಲಿ ಯಾರಿಗೂ ವಿಚಿತ್ರ ಕಾಣುತ್ತಿರಲಿಲ್ಲ.

ನನ್ನ ಅಪ್ಪ ತೀರಿಕೊಂಡಾಗ ನಾನು ಇನ್ನೂ ಚಿಕ್ಕವಳು. ಅವರದ್ದೆಲ್ಲ ಅವರ ಅಕ್ಕನ ಮಕ್ಕಳಿಗೆ ಹೋಯಿತು. ನಮಗೆ ಒಂದು ತಂಬಿಗೆಯೂ ಬರಲಿಲ್ಲ. ಅಬ್ಬಿ ಜಗಳಕ್ಕೆ ಹೋಗಲಿಲ್ಲ. "ನಮ್ಗೆ ತಮ್ಮ ಇದ್ದ, ಅವ ನೋಡ್ಕಂತ" ಎಂದಳಂತೆ.

ಮಾವ ಉಯಿಲು ಬರೆದಿಡಲಿಲ್ಲ. ಒಮ್ಮೆ ಜ್ವರ ಬಂದು ಎದ್ದಾಗ, ಕುಂದಾಪುರಕ್ಕೆ ಹೋಗಿ ಒಂದು ವೀಲು ಬರೆಸಿ ಬರುತ್ತೇನೆ ಎಂದಿದ್ದ. ಅಬ್ಬಿಗೆ ಸಿಟ್ಟು ನೆತ್ತಿಗೇರಿತು. "ಬದ್ಕಿಪ್ಪವ ಅದ್ ಬರೂಕಾಗ. ನಂಗೆ ಬಪ್ಪುದನ್ನ ನಂಗೆ ಬರ್ದ್ ಕೊಡೂಕೆ ನಾನ್ ಎಂತ ಹೊರಗಿನವ್ಳಾ?" ಎಂದು ಗದರಿದಳು. ಅವನು ನಕ್ಕು ಆ ಮಾತು ಬಿಟ್ಟ. ಅಕ್ಕನ ಮಾತು ಮೀರಿದವನಲ್ಲ ಅವನು.

ಅರ್ಜಿ ಕೊಟ್ಟು ಆರು ತಿಂಗಳು ಕಳೆದ ಮೇಲೆ ತಾಲೂಕು ಕಚೇರಿಯಿಂದ ಕಾಗದ ಬಂತು. ಓದಿದೆ. ಹೊಸ ಖಾತೆಯಲ್ಲಿ ನಾನೇ ಬರೆದುಕೊಟ್ಟ ಅತ್ತೆಯ ಹೆಸರಿತ್ತು, ಇಬ್ಬರು ಮಕ್ಕಳ ಹೆಸರಿತ್ತು. ಅಬ್ಬಿಯ ಹೆಸರಿರಲಿಲ್ಲ. ಕೈತಪ್ಪಿ ಬಿಟ್ಟಿರಬೇಕೆಂದು ಮರುದಿನವೇ ಇಬ್ಬರೂ ಕುಂದಾಪುರಕ್ಕೆ ಹೋದೆವು. ಗುಮಾಸ್ತ ಒಳ್ಳೆಯವನೇ. ಕೂರಲು ಬೆಂಚು ತೋರಿಸಿದ.

"ನಿಮ್ಮ ಹೆಸ್ರ್ ಎಂತಕ್ಕೆ ಬಪ್ಪುದ್, ಅಮಾ? ನೀವ್ ಅವ್ರ ಅಕ್ಕ ಅಲ್ದಾ?"

"ಹೌದ್, ಅಕ್ಕ. ಅದಕ್ಕೇ ಕೇಂಬುದ್."

ಅವನು ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಒಬ್ಬ ವಕೀಲರ ಮನೆಯ ದಾರಿ ಹೇಳಿದ.

ವಕೀಲರು ವಯಸ್ಸಾದವರು. ಕಾಗದಪತ್ರ ಎಲ್ಲ ಓದಿ ಕನ್ನಡಕ ತೆಗೆದರು. "ಐವತ್ತಾರ್ರಲ್ಲೇ ಕಾನೂನ್ ಬದ್ಲಾಯ್ತ್. ಸ್ವಂತ ದುಡ್ದ್ ತಕಂಡ ಜಾಗ ಈಗ ಹೆಣ್ತಿ ಮಕ್ಳಿಗೆ. ಅವ್ರೆಲ್ಲ ಇಪ್ಪತಿಗೆ ಅಕ್ಕಂಗೆ ಎಂತದೂ ಇಲ್ಲ. ಒಂದ್ ವೀಲು ಬರ್ದಿಟ್ಟಿರೆ ಆತಿತ್ತ್."

ಅಬ್ಬಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಅಪ್ಪ ಸತ್ತಾಗ ಹಳೆಯ ಕಟ್ಟು ನಮ್ಮನ್ನು ಹೊರಗಿಟ್ಟಿತು, ಮಾವ ಸತ್ತಾಗ ಹೊಸ ಕಾನೂನು ಹೊರಗಿಟ್ಟಿತು. ಎರಡು ಸಲವೂ ಬಾಗಿಲ ಹೊರಗೆ ನಿಂತವರು ನಾವೇ.

ಆಸೆ ಬಿಟ್ಟು ಏಳುವ ಹೊತ್ತಿಗೆ ವಕೀಲರು ಮತ್ತೆ ಕೂರಿಸಿದರು. "ಒಂದ್ ದಾರಿ ಇತ್ತ್. ಆ ಜಾಗ ತಕಂಬತಿಗೆ ನಿಮ್ಮ ಚಿನ್ನ ಮಾರಿ ಕೊಟ್ಟಿದ್ರಿ, ಅದ್ ಕುಟುಂಬದ ಆಸ್ತಿ ಅಂದ್ಹೇಳಿ ದಾವೆ ಹಾಕ್ವ. ಕೋರ್ಟಲ್ಲಿ ನೀವ್ ಅಷ್ಟ್ ಹೇಳ್ರೆ ಸಾಕ್."

"ನಾ ಚಿನ್ನ ಕೊಡ್ಲಿಲ್ಲ."

"ಕೊಡ್ಲಿಲ್ಲ ಅಂದ್ ಕಂಡವ್ರ್ ಯಾರಿದ್ರ್?"

ನಾನು ಅಬ್ಬಿಯ ತೋಳನ್ನು ಹಿಡಿದು ಅಲ್ಲಾಡಿಸಿದೆ. ಹೇಳುತ್ತೇನೆ ಅನ್ನು, ಒಂದೇ ಮಾತು, ನಮಗೆ ಬೇರೆ ಮನೆ ಎಲ್ಲಿದೆ ಎಂದೆ. ಅವಳು ಕೈ ಬಿಡಿಸಿಕೊಂಡು ವಕೀಲರಿಗೇ ಹೇಳಿದಳು.

"ಅವ ಒಲಿ ಮುಂದೆ ಬೆಂದ್ ತಕಂಡ ಜಾಗ ಅದ್. ನನ್ನ ಚಿನ್ನದ್ದ್ ಅಂದ್ರೆ ಅವ ದುಡೀಲೇ ಇಲ್ಲ ಅಂದಾಂಗ್ ಆತ್ತ್. ಅವ ಸತ್ತ್ ಹೋಯ್ನ, ಅಲ್ಲ ಅಂದ್ಹೇಳೂಕೆ ಅವ ಬತ್ನಾ? ನಾ ಹೇಳುದಿಲ್ಲ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಅವಳನ್ನು ಚುಚ್ಚಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವಳು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು.

ಮಕ್ಕಳನ್ನು ಕರೆದುಕೊಂಡು ಅತ್ತೆ ಆ ಮನೆಗೆ ಬಂದಳು. ಅವಳನ್ನು ಕೆಟ್ಟವಳೆಂದು ಬರೆಯಬೇಕೆಂದು ಎಷ್ಟೋ ಸಲ ಅನಿಸಿದೆ. ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಅವಳು ಅಬ್ಬಿಯ ಕೈ ಹಿಡಿದುಕೊಂಡು ಅತ್ತಳು. "ಅತ್ತಿಗೆ, ನೀವ್ ಎಲ್ಲಿಗೂ ಹೋಪುದ್ ಬ್ಯಾಡ. ಇಪ್ಪಷ್ಟ್ ದಿನ ಇಲ್ಲೇ ಇರಿ. ಇದ್ ನಿಮ್ದೇ ಮನಿ" ಎಂದಳು. ಮನಸ್ಸಿನಿಂದಲೇ ಅಂದಳು.

ಒಂದು ವಾರ ಎಲ್ಲರೂ ಒಟ್ಟಿಗೆ ಇದ್ದೆವು. ಎಂಟನೆಯ ದಿನ ಊಟದ ಹೊತ್ತಿಗೆ ಅಬ್ಬಿ ಕತ್ತಿ ಹಿಡಿದು ಹಿತ್ತಿಲಿಗೆ ಹೋದಳು. ಬಾಳೆಯ ಬುಡದಲ್ಲಿ ಅತ್ತೆಯ ಮಗ ನಿಂತಿದ್ದ, ಹುಟ್ಟಿದ ದಿನ ಅವಳೇ ಎತ್ತಿಕೊಂಡಿದ್ದ ಮಗು, ಈಗ ಮೀಸೆ ಬಂದವನು. ಅಬ್ಬಿ ಎತ್ತಿದ ಕತ್ತಿಯನ್ನು ಇಳಿಸಿ ಕೇಳಿದಳು, "ಮಗಾ, ಎರಡ್ ಎಲಿ ಕೊಯ್ಕಂಬ್ಲಾ?"

"ಕೊಯ್ಕಣಿ" ಎಂದ ಅವನು. ಅವನ ಮಟ್ಟಿಗೆ ಅದು ಸಾಧಾರಣ ಮಾತು. ಆದರೆ ಕೇಳಿದವಳಿಗೆ ತಾನು ಏನು ಕೇಳಿದೆ ಎಂದು ಗೊತ್ತಾಯಿತು. ಎಲೆ ಕೊಯ್ದು ತಂದಳು, ಎಲ್ಲರಿಗೂ ಬಡಿಸಿದಳು, ತಾನು ಉಣ್ಣಲಿಲ್ಲ. ಮರುದಿನ ಎರಡು ಗಂಟು ಕಟ್ಟಿದಳು. ಅತ್ತೆ ಅಂಗಳದವರೆಗೂ ಹಿಂದೆ ಬಂದು ಬೇಡಿಕೊಂಡರೂ ನಿಲ್ಲಲಿಲ್ಲ.

ನೆಂಟರ ಮನೆಯ ಚಾವಡಿಯಲ್ಲಿ ಮೂರು ವರ್ಷ ಕಳೆದೆವು. ನನಗೆ ಮಾಸ್ತರಿಕೆ ಸಿಕ್ಕಿದ ಮೇಲೆ ಬ್ರಹ್ಮಾವರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಹಂಚು ಸೋರುತ್ತಿತ್ತು, ಬಾವಿ ಬೇರೆಯವರದ್ದು. ಕೊಡ ಹೊತ್ತು ಬಂದಾಗಲೆಲ್ಲ ನಾನು ಆ ಚಿನ್ನದ ಮಾತು ಎತ್ತುತ್ತಿದ್ದೆ. ಕೋಪ ನನಗೆ ಅಭ್ಯಾಸವೇ ಆಗಿಬಿಟ್ಟಿತ್ತು. ಅಬ್ಬಿ ಎದುರಾಡುತ್ತಿರಲಿಲ್ಲ. ಅದಕ್ಕೂ ನನಗೆ ಕೋಪ ಬರುತ್ತಿತ್ತು.

ಎಪ್ಪತ್ತು ದಾಟಿದ ಮೇಲೆ ಒಂದು ಮಳೆಗಾಲ ಅವಳು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ನಾಲ್ಕು ಚಮಚ ಕುಡಿದು ಸಾಕೆಂದು ಕೈ ಅಡ್ಡ ಹಿಡಿದಳು.

"ಹೆಣೆ, ನಾ ಆವತ್ತ್ ವಕೀಲ್ರತ್ರ ಹೇಳಿದ್ದ್ ಸಮ ಆಯ್ತಾ?"

ಇಷ್ಟು ವರ್ಷಗಳಲ್ಲಿ ಅವಳಾಗಿ ಆ ಮಾತು ಎತ್ತಿದ್ದು ಅದೊಂದೇ ಸಲ. ಸರಿ ಎಂದು ನನಗೆ ಆಗಲೇ ಗೊತ್ತಿತ್ತು. ಬಸ್ಸಿನಲ್ಲಿ ಅವಳನ್ನು ಚುಚ್ಚಿದ ದಿನವೇ ಗೊತ್ತಿತ್ತು. ಆದರೂ ಬಟ್ಟಲಿಗೆ ಚಮಚ ಹಾಕಿ, "ನಂಗೆಂತ ಗೊತ್ತ್? ನಿನ್ ತಮ್ಮನ್ನೇ ಕೇಣ್" ಎಂದುಬಿಟ್ಟೆ.

ಅಬ್ಬಿ ತಲೆಯಾಡಿಸಿದಳು. "ಆಯ್ತ್, ಅವನ್ನೇ ಕೇಂತೆ" ಎಂದಳು.

ನಾಲ್ಕನೆಯ ದಿನ ಹೋಗಿಬಿಟ್ಟಳು.