ಕ್ಯಾಸೆಟ್ಟಿನ ಕಿವಿ

ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಎದುರು ನನ್ನ ಚಿಕ್ಕಪ್ಪನ ಮಗನ ಅಂಗಡಿ. ಮೊದಲು ಕ್ಯಾಸೆಟ್ ಮಾರುತ್ತಿದ್ದ, ಆಮೇಲೆ ಸಿ.ಡಿ., ಆಮೇಲೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುತ್ತಿದ್ದ. ಈಗ ಮೊಬೈಲ್ ರಿಪೇರಿ. ಹತ್ತನೇ ಕ್ಲಾಸ್ ಫೇಲ್. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಆದರೂ ಅವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಅವ್ವನ ದನಿ ಅವನ ಹತ್ತಿರ ಇತ್ತು. ನನ್ನ ಹತ್ತಿರ ಇರಲಿಲ್ಲ.

ಮಾಂಬಳ್ಳಿಯಲ್ಲಿ ನಾಟಿ ಹಾಕುವಾಗ ಅವ್ವ ಪದ ಎತ್ತಿದರೆ ಪಕ್ಕದ ಗದ್ದೆಯವರೂ ಸೊಲ್ಲು ಹಿಡಿಯುತ್ತಿದ್ದರು. ಒಂದು ಮಧ್ಯಾಹ್ನ ಅವನು ಟೇಪ್ ರೆಕಾರ್ಡರ್ ತಂದು, ಅವ್ವನನ್ನು ಜಗುಲಿಯಲ್ಲಿ ಕೂರಿಸಿ ಹಾಡಿಸಿದ. ಎರಡು ಕ್ಯಾಸೆಟ್ ಮಾಡಿ ಒಂದನ್ನು ನನಗೆ ಕೊಟ್ಟ.

“ಕಿವಿ ಮುರ್ಕೊ ಕಣ್ಲಾ,” ಅಂದ.

ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿಗೆ ನಾವು ಕಿವಿ ಅನ್ನುತ್ತಿದ್ದೆವು. ಅವನ್ನು ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಹೊಸ ಕ್ಯಾಸೆಟ್ಟನ್ನು ಯಾಕೆ ಹಾಳು ಮಾಡಲಿ ಅಂತ ನಾನು ಮುರಿಯಲಿಲ್ಲ. ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ, ಹಾಕಿ ಕೇಳಲೂ ಇಲ್ಲ.

ಬಿ.ಎ. ಕೊನೆಯ ವರ್ಷ ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಗೆಳೆಯನ ಟೇಪ್ ರೆಕಾರ್ಡರ್ ತಂದು, ಚರಿತ್ರೆಯ ನೋಟ್ಸನ್ನು ಗಟ್ಟಿಯಾಗಿ ಓದಿ ಆ ಕ್ಯಾಸೆಟ್ಟಿಗೇ ತುಂಬಿದೆ. ಹುಲ್ಲು ಕೊಚ್ಚುತ್ತ ಅದನ್ನೇ ಕೇಳಿದೆ. ಅವ್ವ ಹೇಗೂ ಗದ್ದೆಯಲ್ಲಿ ಹಾಡುತ್ತಲೇ ಇದ್ದಾಳೆ, ಇನ್ನೊಂದು ಸಲ ತುಂಬಿಕೊಂಡರಾಯಿತು ಅಂದುಕೊಂಡೆ. ಪಾಸಾದೆ. ಆ ಇನ್ನೊಂದು ಸಲ ಬರುವ ಮೊದಲೇ ಅವ್ವ ತೀರಿಕೊಂಡಳು.

ಅವನು ಮಾತ್ರ ಅಂಗಡಿಯ ಬೋರ್ಡು ಬದಲಿಸಿದಾಗಲೆಲ್ಲ ಅವ್ವನನ್ನೂ ಹೊಸದಕ್ಕೆ ದಾಟಿಸಿಕೊಂಡು ಬಂದ. ಇಷ್ಟು ವರ್ಷ ಅಭಿಮಾನ ಅಡ್ಡ ಬಂದು ಕೇಳಿರಲಿಲ್ಲ. ಹೋದ ತಿಂಗಳು ಅಂಗಡಿಗೆ ಹೋಗಿ ಅವ್ವನ ಹಾಡು ಕೊಡು ಅಂತ ಕೇಳಿದೆ.

“ನಿಂದೂ ಒಂದಿತ್ತಲ್ಲಾ, ಏನ್ ಮಾಡ್ದೆ?”

“ಹಾಳಾಯ್ತು.”

“ಡಿಗ್ರಿ ಓದ್ದೋನ್ಗೆ ಕಿವಿ ಮುರ್ಯಾದು ಗೊತ್ತಾಗ್ನಿಲ್ವಾ? ತಕಾ, ಕಳ್ಸಿವ್ನಿ.”

ಯಳಂದೂರಿನ ಬಸ್ಸಿನಲ್ಲೇ ಫೋನನ್ನು ಕಿವಿಗೆ ಹಿಡಿದೆ. ಅದೇ ದನಿ. ಪದ ಮುಗಿದ ಮೇಲೆ ಅವ್ವ ಸಣ್ಣಗೆ ಕೆಮ್ಮಿ ಅವನನ್ನು ಕೇಳುತ್ತಾಳೆ: “ಸಾಕೇನ್ಲಾ ನನ್ ಕಂದ? ಉಂಡ್ಕಂಡ್ ಓಗು.”

ನನ್ನನ್ನು ಅವಳು ಎಂದೂ ಕಂದ ಅಂದವಳಲ್ಲ. ಓದುವವನು ಅಂತ ಒಂದು ಮಾರು ದೂರವೇ ಇಟ್ಟಿದ್ದಳು.

ಮನೆಗೆ ಬಂದವನೇ ಮಗಳಿಗೆ ಫೋನ್ ಕೊಟ್ಟು, “ಕೊನೇ ಮಾತ ಕತ್ತರ್ಸವ್ವ,” ಅಂದೆ. ಕತ್ತರಿಸಿ, ಅದರ ಮೇಲೇ ಸೇವ್ ಮಾಡಿದಳು. ಅವನು ಕಳಿಸಿದ ಮೆಸೇಜನ್ನು ನಾನೇ ಅಳಿಸಿದೆ.

ಈಗ ದಿನಾ ಕೇಳುತ್ತೇನೆ. ಪದ ಮುಗಿಯುತ್ತದೆ. ಕೆಮ್ಮಿನ ನಂತರದ ಆ ಮಾತಿಗೆ ಕಾಯುತ್ತೇನೆ. ಬರುವುದಿಲ್ಲ. ಪೂರ್ತಿ ಅವ್ವ ಈಗಲೂ ಅವನ ಹತ್ತಿರವೇ ಇದ್ದಾಳೆ.