ರುದ್ರವ್ವನ ‘ಆದರ’

ಹೆಣ್ಣು ನೋಡಲು ಬಂದವರನ್ನು ಬೇಡ ಎನ್ನಬೇಕಾದರೂ ನಮ್ಮ ವಿಜಯಪುರದ ಕಡೆಯವರು ಮೊದಲು ಹೊಗಳುತ್ತಾರೆ. ‘ಹುಡುಗ ಅಡ್ಡಿಲ್ರಿ. ಮನಿತನಾನೂ ಅಡ್ಡಿಲ್ರಿ. ಆದರ...’ ಎನ್ನುತ್ತಾರೆ. ಆ ‘ಆದರ’ ಕೇಳಿದ ಮೇಲೆ ಗಂಡಿನವರು ಚಹದ ಕಪ್ಪು ಕೆಳಗಿಟ್ಟು ಚಪ್ಪಲಿ ಹುಡುಕಬೇಕು. ಪುಸ್ತಕದ ಕನ್ನಡದಲ್ಲಿ ಆದರ ಎಂದರೆ ಮರ್ಯಾದೆ, ಉಪಚಾರ. ನಮ್ಮ ಮಾತಿನಲ್ಲಿ ಅದು ‘ಆದರೆ’. ಎರಡೂ ಒಂದೇ ಇರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಮರ್ಯಾದೆ ಕೊಡದೆ ಇಲ್ಲ ಎನ್ನಲು ನಮಗೆ ಬರುವುದೇ ಇಲ್ಲ.

ರುದ್ರವ್ವನಿಗಂತೂ ‘ಅಡ್ಡಿಯಿಲ್ಲ’ ಉಸಿರಾಡಿದಷ್ಟೇ ಸಲೀಸು. ಆಕೆ ತಿಕೋಟಾದವಳು. ಪುಣೆಯ ಕಾತ್ರಜದಲ್ಲಿ ಸಾಂಗಲಿ, ಬೆಳಗಾವಿ ಬಸ್ಸುಗಳು ನಿಲ್ಲುವ ಜಾಗದ ಎದುರಿಗೇ ಆಕೆಯ ತಗಡಿನ ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಪಕ್ಕದಲ್ಲಿ ನನ್ನ ಹಾರ್ಡ್‌ವೇರ್ ಅಂಗಡಿ. ಪುಣೆಯ ಗೋದಿ ಚಪಾತಿ ನನ್ನ ಗಂಟಲಿನಲ್ಲಿ ಇಳಿಯುವುದಿಲ್ಲವಾದ್ದರಿಂದ ಮಧ್ಯಾಹ್ನದ ಊಟ ಅಲ್ಲೇ. ಜ್ವರ ಬಂದು ಕಣ್ಣು ಕೆಂಪಾಗಿದ್ದಾಗ ‘ಹ್ಯಾಂಗದವಾ ಮೈ?’ ಎಂದು ಕೇಳಿದರೆ ‘ಅಡ್ಡಿಲ್ರಿ ಸಾವಕಾರ್ರ’ ಎನ್ನುತ್ತಾಳೆ. ಕಳೆದ ಮಳೆಗಾಲ ಗಾಳಿಗೆ ಅರ್ಧ ತಗಡು ಹಾರಿಹೋದಾಗಲೂ ಅದೇ ಮಾತು. ‘ಅಡ್ಡಿಲ್ರಿ, ಒಲಿ ಹೊಗಿ ಹೊರಗ ಹೋಗ್ತದ.’ ಇಂಥವಳ ಜೊತೆ ಜಗಳ ಹೇಗೆ ಆಡುವುದು? ನನಗೆ ಜಗಳವಿಲ್ಲದ ದಿನ ಅನ್ನ ಅರಗುವುದಿಲ್ಲ, ಆದರೆ ಆಕೆಯ ಹತ್ತಿರ ಮಾತ್ರ ಇವತ್ತಿಗೂ ಸಾಧ್ಯವಾಗಿಲ್ಲ.

ಆಕೆಯ ಗಂಡ ಜಟ್ಟೆಪ್ಪ ಗೌಂಡಿ. ಗೋಡೆ ಕಟ್ಟಿದರೆ ಗೆರೆ ಎಳೆದ ಹಾಗೆ ಇರುತ್ತದೆ. ಒಂದು ಕಾಲಕ್ಕೆ ಇಸ್ಪೀಟಿನ ಹುಚ್ಚು ಹತ್ತಿ, ಕೂಲಿ ಬಂದ ಕೈ ಮನೆ ಮುಟ್ಟುವ ಮೊದಲೇ ಬರಿದಾಗುತ್ತಿತ್ತು. ರುದ್ರವ್ವನ ತಾಯಿ ತೀರಿಕೊಂಡ ವರ್ಷ ತಾನಾಗಿ ಬಿಟ್ಟ. ಆಮೇಲೆ ಎಲೆ ಮುಟ್ಟಿರಲಿಲ್ಲ. ಎಲೆ ಹಾಕುತ್ತಿರುವವರ ಹಿಂದೆ ನಿಂತು ನೋಡುವುದನ್ನೂ ಬಿಟ್ಟಿದ್ದ.

ಹೀಗಿರುವಾಗ ಸರಕಾರಕ್ಕೆ ಒಂದು ಯೋಚನೆ ಬಂತು. ಕ್ಯಾಸಿನೋ ಇರುವ ರಿಸಾರ್ಟುಗಳಿಗೆ ಪರವಾನಗಿ ಕೊಡುವ ಕಾಯ್ದೆ ಮಾಡಬೇಕು, ಅದರಲ್ಲಿ ಒಂದು ನಮ್ಮ ಘಾಟಿನ ಆಚೆಯ ಗುಡ್ಡದ ಮೇಲೆ ಬರಬೇಕು ಎಂದು. ಗೋವಾಕ್ಕೆ ಹೋಗಿ ಸುರಿಯುವ ದುಡ್ಡು ಇಲ್ಲೇ ಸುರಿಯಲಿ, ಹುಡುಗರಿಗೆ ಕೆಲಸ ಸಿಗುತ್ತದೆ, ಕದ್ದು ಆಡುವ ಬದಲು ಲೆಕ್ಕಕ್ಕೆ ಸಿಕ್ಕು ಆಡಲಿ ಎಂದು ಒಂದು ಗುಂಪು. ಭಜನೆ ಮಂಡಳಿಯವರು, ಮಹಿಳಾ ಸಂಘದವರು, ಗುಡ್ಡದ ಕೆಳಗಿನ ಊರಿನವರು ಕೂಡದೆಂದು ಇನ್ನೊಂದು ಗುಂಪು. ನನ್ನನ್ನು ಕೇಳಿದರೆ, ರಿಸಾರ್ಟ್ ಎದ್ದರೆ ನನ್ನ ಸಿಮೆಂಟು, ಪೈಪು, ಮೊಳೆ ಎಲ್ಲ ಖರ್ಚಾಗುತ್ತಿತ್ತು. ಅದಕ್ಕೇ ನಾನು ಎರಡೂ ಗುಂಪಿನವರ ಮಾತಿಗೆ ತಲೆ ಅಲ್ಲಾಡಿಸುತ್ತಿದ್ದೆ.

ಎಲ್ಲರ ಅಭಿಪ್ರಾಯ ಕೇಳಲು ಜನಸುನಾವಣಿ ಇಟ್ಟರು. ಕಾತ್ರಜದ ಗೌಂಡಿ, ಕೂಲಿಗಳ ವಸ್ತಿಯಲ್ಲಿ ನಮ್ಮ ಕಡೆಯ ಹೆಂಗಸರು ಭಾಳ. ಎಲ್ಲ ಸೇರಿ, ನಮ್ಮ ಪರವಾಗಿ ನೀನೇ ಮಾತಾಡು ಎಂದು ರುದ್ರವ್ವನನ್ನು ಮುಂದೆ ನೂಕಿದರು. ಆಕೆ ಒಪ್ಪಿದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಊಟ ಮಾಡುತ್ತ ತಮಾಷೆಗೆ ಕೇಳಿದೆ.

‘ಅಲ್ಲವಾ, ಆ ದೊಡ್ಡವರ ಕ್ಯಾಸಿನೋದೊಳಗ ಜಟ್ಟೆಪ್ಪನ್ನ ಯಾರು ಬಿಡ್ತಾರ? ಬಾಗಿಲಕ್ಕ ಸೂಟು ಹಾಕ್ಕೊಂಡು ನಿಂತಿರ್ತಾರ.’

‘ಒಳಗ ಬಿಡೂದಿಲ್ರಿ, ಖರೆ,’ ಎಂದಳು ರೊಟ್ಟಿ ಬಡಿಯುತ್ತ. ‘ಆದರ ಸರಕಾರನೇ ಆಡ್ರಿ ಅಂದ ಮ್ಯಾಲೆ, ಆಡಬ್ಯಾಡ್ರಿ ಅನ್ಲಿಕ್ಕೆ ನಾ ಯಾರ್ರಿ?’

ಆಮೇಲೆ ಕೈ ನಿಲ್ಲಿಸಿ, ಸುನಾವಣಿಯಲ್ಲಿ ಏನು ಹೇಳಬೇಕೆಂದಿದ್ದಾಳೋ ಅದನ್ನು ನನಗೆ ಹೇಳಿದಳು. ಹೇಳಿ ನೋಡುತ್ತೇನೆ, ಬಾಯಿಗೆ ಬರುತ್ತದೋ ಇಲ್ಲವೋ ಎಂದಳು.

ತಾಯಿಗೆ ಕಡೆಗಾಲವೆಂದು ಊರಿನಿಂದ ಫೋನು ಬಂದ ದಿನ. ಜಟ್ಟೆಪ್ಪ ಆಕೆಯನ್ನು ಇದೇ ಬಸ್ಸಿನ ಜಾಗದಲ್ಲಿ ಗಂಟಿನ ಸಮೇತ ಕೂಡಿಸಿ, ಗುತ್ತೇದಾರನಿಂದ ಕೂಲಿ ಇಸಿದುಕೊಂಡು ಬರುತ್ತೇನೆಂದು ಹೋದ. ಆಗ ಬೆಳಿಗ್ಗೆ. ಕಂಡಕ್ಟರುಗಳು ಸಾಂಗಲಿ, ಜತ್ತ, ಬಿಜಾಪುರ ಎಂದು ಕೂಗುತ್ತಿದ್ದರು, ಬಸ್ಸುಗಳು ಹೋಗುತ್ತಿದ್ದವು. ಜಟ್ಟೆಪ್ಪ ಬಂದಾಗ ಸೂರ್ಯ ಗುಡ್ಡದ ಹಿಂದೆ ಇಳಿದಿದ್ದ. ‘ಗುತ್ತೇದಾರ ಶಿರೂರಿಗೆ ಹೋಗ್ಯಾನ, ಕೂಲಿ ಸಿಗಲಿಲ್ಲ. ನಾಳೆ ಹೋಗೂಣು, ನಡಿ’ ಎಂದ. ಈಕೆ ‘ಅಡ್ಡಿಲ್ರಿ’ ಎಂದಳು. ಮರುದಿನ ಬಸ್ಸು ಹತ್ತಿ ಊರು ಮುಟ್ಟುವುದರೊಳಗೆ ಮಣ್ಣು ಆಗಿತ್ತು. ತಾಯಿಯ ಮುಖ ಸಿಗಲಿಲ್ಲ.

‘ಆದರ ಸಾವಕಾರ್ರ, ಗುತ್ತೇದಾರ ಶಿರೂರಿಗೆ ಹೋಗಿರಲಿಲ್ಲ. ನಡು ಮಧ್ಯಾಹ್ನ ನನ್ನ ಮುಂದನೇ ಗಾಡಿ ಮ್ಯಾಲೆ ಬಂದ. ಯಾಕವಾ ಇನ್ನೂ ಕುಂತಿ, ರೊಕ್ಕ ಕೊಟ್ಟು ಭಾಳ ಹೊತ್ತಾತು ಅಂದ.’

‘ಜಟ್ಟೆಪ್ಪಗ ಈ ಮಾತು ಗೊತ್ತದೇನು?’

‘ಇಲ್ರಿ. ನಾ ನಂಬೀನಿ ಅಂತನೇ ಅವರು ತಿಳಕೊಂಡಾರ.’

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅದೇ ಬಸ್ಸಿನ ಜಾಗದ ಎದುರಿಗೆ ಈಕೆ ಯಾಕೆ ಖಾನಾವಳಿ ಹಾಕಿದಳು, ಊರಿಗೆ ಹೊರಟ ಹೆಂಗಸರು ಗಂಟು ಇಟ್ಟುಕೊಂಡು ಕೂತಿದ್ದರೆ ಯಾಕೆ ತಾನಾಗಿ ನೀರು ಕೊಡುತ್ತಾಳೆ ಎಂಬುದು ಅವತ್ತು ತಿಳಿಯಿತು. ಗಂಡನ ಎದುರು ಆಡದ ಮಾತನ್ನು ಸರಕಾರದ ಎದುರು ಆಡಲು ಹೊರಟಿದ್ದಳು.

ಸುನಾವಣಿ ನಡೆದದ್ದು ಒಂದು ಮಂಗಲ ಕಾರ್ಯಾಲಯದಲ್ಲಿ. ಹಿಂದಿನ ದಿನದ ಮದುವೆಯ ಹೂವು ಇನ್ನೂ ಕಂಬದಲ್ಲೇ ಇತ್ತು. ಜಟ್ಟೆಪ್ಪ ಕುರಕುಂಭದಲ್ಲಿ ಒಂದು ಕಾರ್ಖಾನೆಯ ಗೋಡೆ ಕಟ್ಟಲು ಹೋಗಿದ್ದ, ಬಂದಿರಲಿಲ್ಲ. ಗಂಡ ಇಲ್ಲದ್ದೇ ಒಳ್ಳೆಯದಾಯಿತು ಎಂದಳು ರುದ್ರವ್ವ.

ಸುನಾವಣಿ ನಡೆಸಲು ಬಂದ ಸರಕಾರದ ಸಾಹೇಬರು ಒಳ್ಳೆಯ ಮನುಷ್ಯ. ಯೋಜನೆಯ ವಿಷಯ ನಿಧಾನವಾಗಿ, ಬಿಡಿಸಿ ಹೇಳಿದರು. ರುದ್ರವ್ವನ ಸರದಿ ಬಂತು. ಪೇಟೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವಾಗ ಆಕೆಯ ಮರಾಠಿಗೆ ಪುಣೆಯವರೇ ತಲೆದೂಗಬೇಕು. ಆದರೆ ಮೈಕು ಕಂಡ ಕೂಡಲೇ ಆ ಮರಾಠಿ ಎಲ್ಲಿ ಓಡಿಹೋಯಿತೋ. ಬಾಯಿ ತೆರೆದಳು, ಬಾಯಿ ಮುಚ್ಚಿದಳು. ನಿಮ್ಮ ಭಾಷೆಯಲ್ಲೇ ಹೇಳಿ, ಯಾರಾದರೂ ಮರಾಠಿಗೆ ಹೇಳುತ್ತಾರೆ ಎಂದರು ಸಾಹೇಬರು. ರಿಸಾರ್ಟ್ ಕಂಪನಿಯ ಕಡೆಯಿಂದ ಸುಖೇಶ್ ಎಂಬ ಹುಡುಗ ಎದ್ದ. ಬೆಂಗಳೂರಿನವನು, ಪುಣೆಯಲ್ಲಿ ಓದಿ ಮರಾಠಿ ಕಲಿತವನು. ನಾನು ಏಳಬೇಕೆನ್ನುವಷ್ಟರಲ್ಲಿ ಅವನು ಮೈಕಿನ ಹತ್ತಿರ ಹೋಗಿಯಾಗಿತ್ತು.

‘ಅಮ್ಮ, ಸಾಹೇಬ್ರು ಹೇಳಿದ್ದೆಲ್ಲ ಕೇಳಿದ್ರಲ್ಲ? ನಿಮಗೆ ಹೇಗನ್ನಿಸ್ತು?’ ಎಂದು ಕೇಳಿದ.

ರುದ್ರವ್ವ ಸಾಹೇಬರಿಗೆ ಕೈ ಮುಗಿದಳು. ‘ಅಡ್ಡಿಲ್ರಿ. ಸಾಹೇಬ್ರು ಭಾಳ ಛಲೋ ತಿಳಿಸಿ ಹೇಳ್ಯಾರ,’ ಎಂದಳು. ಎಂದು ಸೆರಗು ಸರಿ ಮಾಡಿಕೊಂಡಳು. ಅದು ‘ಆದರ’ಕ್ಕೆ ಮುಂಚೆ ಉಸಿರು ಎಳೆದುಕೊಳ್ಳುವ ಹೊತ್ತು. ನಮ್ಮ ಕಡೆಯ ಎಳೆಗೂಸಿಗೂ ಅದು ಗೊತ್ತು.

ಸುಖೇಶನಿಗೆ ಗೊತ್ತಿರಲಿಲ್ಲ. ‘ಹರಕತ್ ನಾಹೀ,’ ಎಂದು ಮರಾಠಿಯಲ್ಲಿ ಹೇಳಿಬಿಟ್ಟ. ಆಕ್ಷೇಪಣೆ ಇಲ್ಲ ಎಂದು ಅದರ ಅರ್ಥ. ಕಂಪನಿಯವರು ಕುಳಿತ ಕಡೆಯಿಂದ ಚಪ್ಪಾಳೆ. ಸಾಹೇಬರು ಧನ್ಯವಾದ ಹೇಳಿದರು. ರುದ್ರವ್ವ ‘ಆದರ’ ಎಂದಾಗ ಮೈಕು ಇನ್ನೊಬ್ಬನ ಕೈಗೆ ಹೋಗಿತ್ತು. ನಾನು ಎದ್ದು ಕೂಗಾಡಿದೆ. ಮದುವೆ ಮನೆಯಲ್ಲಿ ಊಟಕ್ಕೆ ಕರೆಯಲಿಲ್ಲವೆಂದು ಕೂಗಾಡುವ ಬೀಗರ ಹಾಗೆ ಕಂಡಿರಬೇಕು. ಇಬ್ಬರು ಬಂದು ತೋಳು ಹಿಡಿದು ಕೂಡಿಸಿದರು.

ಮರುದಿನ ಪೇಪರಿನ ಮೂಲೆಯಲ್ಲಿ, ಕಾತ್ರಜದ ಕನ್ನಡ ಹೆಂಗಸರ ವಿರೋಧವಿಲ್ಲ ಎಂದು ಒಂದು ಸಾಲು ಬಂತು. ವಸ್ತಿಯ ಹೆಂಗಸರು ಖಾನಾವಳಿಯ ಮುಂದೆ ಮುಖ ತಿರುಗಿಸಿಕೊಂಡು ಹೋದರು. ರುದ್ರವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಸುಖೇಶನನ್ನು ನಾನೇ ಕರೆಸಿದೆ. ಹೊಡೆಯುವಷ್ಟು ಸಿಟ್ಟಿತ್ತು. ಆದರೆ ಹೆಣ್ಣಿನವರ ‘ಆದರ’ದ ಕಥೆಯನ್ನು ನನ್ನಿಂದ ಕೇಳುತ್ತ ಕೇಳುತ್ತ ಆ ಹುಡುಗ ಬಾಡಿಹೋದ. ‘ಸಾರಿ ಅಮ್ಮ, ನಮ್ ಕಡೆ ಅಡ್ಡಿಯಿಲ್ಲ ಅಂದ್ರೆ ಅಷ್ಟೇ. ಮುಂದೆ ಏನೋ ಬರುತ್ತೆ ಅಂತ ಕಾಯೋದಿಲ್ಲ,’ ಎಂದ. ಲಿಖಿತ ಆಕ್ಷೇಪಣೆಗೆ ಇನ್ನೂ ಅವಕಾಶವಿದೆ, ನಾನೇ ಬರೆದುಕೊಡುತ್ತೇನೆ ಎಂದ. ಕಂಪನಿಯ ಸಂಬಳ ತಿನ್ನುವವನು ಹಾಗೆ ಹೇಳಿದ್ದಕ್ಕೆ ನನ್ನ ಸಿಟ್ಟು ಇಳಿಯಿತು. ರುದ್ರವ್ವ ಅವನಿಗೆ ಊಟಕ್ಕೆ ಬಡಿಸಿದಳು.

ಕೆಟ್ಟದ್ದು ಆಗಿದ್ದು ಭಾನುವಾರ. ಜಟ್ಟೆಪ್ಪ ಕುರಕುಂಭದಿಂದ ರಜೆಗೆ ಬಂದಿದ್ದ. ಲಾರಿ ಗ್ಯಾರೇಜಿನ ಹಿಂದೆ ಒಂದು ಶೆಡ್ಡಿದೆ, ಅಲ್ಲಿ ರಜೆಯ ದಿನ ಎಲೆ ಹಾಕುತ್ತಾರೆ. ಆ ದಾರಿಯಲ್ಲಿ ಹೋಗುತ್ತಿದ್ದವನನ್ನು ಹಳೆಯ ಗೆಳೆಯರು ಹಿಡಿದರಂತೆ. ‘ಬಾರೋ, ನಿನ್ನ ಹೇಣ್ತಿನೇ ಸರಕಾರದ ಮುಂದ ಅಡ್ಡಿಲ್ಲ ಅಂದು ಬಂದಾಳ. ಪೇಪರಿನ್ಯಾಗ ಬಂದದ. ಇನ್ಯಾರ ಅಂಜಿಕಿ?’ ಎಂದರಂತೆ. ಮುಖ ತಿರುಗಿಸಿಕೊಂಡಿದ್ದ ವಸ್ತಿಯ ಹೆಂಗಸರಲ್ಲೇ ಒಬ್ಬಳು ಓಡಿ ಬಂದು ಈ ಸುದ್ದಿ ಹೇಳಿದಳು.

ರುದ್ರವ್ವ ಒಲೆ ಆರಿಸಿದಳು. ನಾನು ಆಕೆಯನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಹೋದೆ. ಜಗಳ ನೋಡಲು ಸಿದ್ಧನಾಗಿದ್ದೆ. ಇಷ್ಟು ವರ್ಷ ನುಂಗಿದ್ದೆಲ್ಲ ಒಮ್ಮೆಲೇ ಕಾರಿದರೆ ಶೆಡ್ಡು ಉಳಿಯಲಾರದು ಎಂದುಕೊಂಡೆ.

ಜಟ್ಟೆಪ್ಪನ ಕೈಯಲ್ಲಿ ಎಲೆಗಳಿದ್ದವು. ಗೋಡೆ ಕಟ್ಟುವ ಆ ದಪ್ಪ ಬೆರಳುಗಳು ಅವನ್ನು ಬೀಸಣಿಗೆಯ ಹಾಗೆ ಬಿಡಿಸಿಕೊಂಡಿದ್ದವು, ಏನೂ ಮರೆತಿರಲಿಲ್ಲ. ಹೆಂಡತಿಯನ್ನು ಕಂಡು ಗಾಬರಿಯಾದ. ಗಾಬರಿಗೆ ನಕ್ಕ.

‘ನೀನೇ ಅಡ್ಡಿಲ್ಲ ಅಂದಿ ಅಂತಲ್ಲ...’

‘ಅಂದೀನ್ರಿ,’ ಎಂದಳು ರುದ್ರವ್ವ. ದನಿ ಎತ್ತರಿಸಲಿಲ್ಲ. ‘ಆದರ, ಅವತ್ತ ಗುತ್ತೇದಾರ ಶಿರೂರಿಗೆ ಹೋಗಿರಲಿಲ್ರಿ.’

ಕುಳಿತವರಿಗೆ ಏನೂ ಅರ್ಥವಾಗಲಿಲ್ಲ. ಯಾವ ಗುತ್ತೇದಾರ ಎಂದು ಒಬ್ಬ ಕೇಳಿದ. ಜಟ್ಟೆಪ್ಪನ ಮುಖ ಮಾತ್ರ ಗೋಡೆಗೆ ಬಳಿದ ಹಸಿ ಗಿಲಾವಿನ ಹಾಗೆ ಬಣ್ಣಗೆಟ್ಟಿತು. ಎಲೆಗಳನ್ನು ಒಂದೊಂದಾಗಿ ಚಾಪೆಯ ಮೇಲೆ ಇಟ್ಟ. ಎದ್ದ. ಆಟದ ಮಧ್ಯೆ ಏಳುವಂತಿಲ್ಲ ಎಂದು ಗದರಿದವನ ಕಡೆ ತಿರುಗಿಯೂ ನೋಡಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳಲು ಅವನಿಗೆ ಭಾಳ ಹೊತ್ತು ಹಿಡಿಯಿತು. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಯ್ಯೋ ಎನ್ನಿಸಿತು.

ಹಿಂದಿರುಗುವಾಗ ಗಂಡ ಹೆಂಡತಿ ನಡೆದು ಬಂದರು, ನಾನು ಸ್ಕೂಟರ್ ನೂಕುತ್ತ ಹಿಂದೆ ಬಂದೆ. ಮುಂದೆ ಹೋಗಬೇಕಿತ್ತು, ನಿಜ. ಆದರೆ ನನಗೆ ಅಷ್ಟು ಒಳ್ಳೆಯ ಬುದ್ಧಿ ಇಲ್ಲ.

ಬಸ್ಸಿನ ಜಾಗ ಬಂದಾಗ ಜಟ್ಟೆಪ್ಪ ನಿಂತ. ‘ಅಲ್ಲ, ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಅಡ್ಡಿಲ್ಲ ಅಂದಿ. ಇಷ್ಟು ವರ್ಷ ಯಾಕ ಹೇಳಲಿಲ್ಲ?’

‘ಅವತ್ತೇ ಹೇಳಾಕಿದ್ದೆ,’ ಎಂದಳು ರುದ್ರವ್ವ. ‘ಅಡ್ಡಿಲ್ರಿ ಅಂದೆ. ಆದರ ಅಂತ ಬಾಯಿ ತೆರದೆ. ನೀವು ಗಂಟು ಹೊತ್ತುಕೊಂಡು ಮುಂದ ಹೋಗಿಬಿಟ್ಟಿದ್ರಿ.’

ಅಲ್ಲೇ ಒಂದು ಬಸ್ಸು ಬಂದು ಸಾಂಗಲಿ, ಜತ್ತ ಎಂದು ಕೂಗಿ ಹೊರಟುಹೋಯಿತು. ಜಟ್ಟೆಪ್ಪ ಅತ್ತ. ನಡು ರಸ್ತೆಯಲ್ಲಿ, ಹಗಲಿನಲ್ಲಿ, ಒಬ್ಬ ಗೌಂಡಿ ಹೀಗೆ ಅತ್ತಿದ್ದನ್ನು ನಾನು ಕಂಡಿಲ್ಲ. ರುದ್ರವ್ವ ಸೆರಗಿನಿಂದ ತನ್ನ ಮುಖವನ್ನಲ್ಲ, ಅವನ ಮುಖವನ್ನು ಒರೆಸಿ, ‘ನಡೀರಿ, ರೊಟ್ಟಿ ತಣ್ಣಗಾಗ್ತಾವ,’ ಎಂದಳು.

ಸುಖೇಶ್ ಬರೆದುಕೊಟ್ಟ ಆಕ್ಷೇಪಣೆಗೆ ಆಕೆ ಹೆಬ್ಬೆಟ್ಟು ಒತ್ತಿದಳು. ಕೆಳಗೆ ಜಟ್ಟೆಪ್ಪನೂ ಒತ್ತಿದ. ನಾನೂ ಸಹಿ ಹಾಕಿದೆ, ಸಿಮೆಂಟಿನ ಆಸೆ ಬಿಟ್ಟು. ಕಾಯ್ದೆ ಇನ್ನೂ ಆಗಿಲ್ಲ, ಕೈಬಿಟ್ಟಿದ್ದೇವೆ ಎಂದೂ ಸರಕಾರ ಹೇಳಿಲ್ಲ. ಗುಡ್ಡದ ಮೇಲೆ ಕಂಪನಿಯ ಬೋರ್ಡು ಬಿಸಿಲಿಗೆ ಬಣ್ಣ ಬಿಡುತ್ತಿದೆ.

ಜಟ್ಟೆಪ್ಪ ಈಗ ಭಾನುವಾರ ಖಾನಾವಳಿಯಲ್ಲೇ ಇರುತ್ತಾನೆ, ನೀರು ತುಂಬುತ್ತಾನೆ, ಪಾತ್ರೆ ತೊಳೆಯುತ್ತಾನೆ. ಮೊನ್ನೆ ಊಟಕ್ಕೆ ಹೋದಾಗ ಅವನು ‘ಚಹಾ ಇಡ್ಲೇನು?’ ಎಂದು ಹೆಂಡತಿಯನ್ನು ಕೇಳಿದ. ‘ಅಡ್ಡಿಲ್ರಿ,’ ಎಂದಳು ಆಕೆ, ರೊಟ್ಟಿಯ ಮೇಲಿನ ಕಣ್ಣು ತೆಗೆಯದೆ. ಜಟ್ಟೆಪ್ಪ ಪಾತ್ರೆ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದ, ಮುಂದೆ ಇನ್ನೇನಾದರೂ ಬರಬಹುದೆಂದು.